ಐದನೆಯ ಗೇರಿನಿಂದ ಬರುವ ಲಾಭ

ಹಳೆಯ ಬುಲೆಟ್ ಮೋಟಾರ್ ಸೈಕಲ್ಲಿನ ನಾಲ್ಕು ಗೇರಿನ ಪೆಟ್ಟಿಗೆಯನ್ನು ತೆಗೆದು, ಅದರ ಸ್ಥಾನದಲ್ಲಿ ಐದು ಗೇರಿನ ಪೆಟ್ಟಿಗೆಯನ್ನು ಕೂರಿಸುವ ರೂಢಿಯೊಂದುಂಟು. ಇದಕ್ಕಾಗಿ ಹಣ ಕೂಡಿಡುತ್ತಿರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ, “ವೇಗ ಎಷ್ಟು ಹೆಚ್ಚುತ್ತದೆ, ಸಾರ್?” ಎಂಬುದು. ಪೆಟ್ಟಿಗೆಯನ್ನು ಬದಲಿಸಿದ ಮಾತ್ರಕ್ಕೆ ಗರಿಷ್ಠ ವೇಗ ಹೆಚ್ಚುವುದಿಲ್ಲ. ಹಾಗೆಂದು ಲಾಭವೇ ಇಲ್ಲವೆಂದೂ ಅಲ್ಲ. ಆ ಲಾಭವಿರುವ ಎಡೆ ಬೇರೆ; ಅದನ್ನು ಲೆಕ್ಕ ಹಾಕಿಯೇ ಕಂಡುಕೊಳ್ಳಬೇಕು.

ಗೇರು ಶಕ್ತಿಯನ್ನು ಸೃಷ್ಟಿಸುವ ಸಾಧನವಲ್ಲ. ಹಾರೆಯಿಂದ ಬಂಡೆಯನ್ನು ಮೀಟುವವನ ಕೈ ಒಂದು ಮೊಳ ಇಳಿದರೆ ಬಂಡೆ ಮೇಲೇಳುವುದು ಒಂದೆರಡು ಅಂಗುಲ ಮಾತ್ರ. ಬಲ ಹೆಚ್ಚಿದಷ್ಟೂ ಚಲನೆ ಕುಗ್ಗುತ್ತದೆ. ಹಲ್ಲುಗಾಲಿಗಳ ಜೋಡಿಯೂ ನಿಲ್ಲದೆ ತಿರುಗುವ ಒಂದು ಹಾರೆಯೇ ಸರಿ. ಪೆಟ್ಟಿಗೆಯೊಳಗೆ ೩ ಸುತ್ತು ಹೋಗಿ ಹೊರಕ್ಕೆ ೧ ಸುತ್ತು ಬಂದರೆ, ಘರ್ಷಣೆಯ ನಷ್ಟವನ್ನು ಬಿಟ್ಟು, ತಿರುಗುಬಲ ಮೂರರಷ್ಟಾಗುತ್ತದೆ. ತಿರುಗುಬಲ ಮತ್ತು ವೇಗಗಳ ಗುಣಲಬ್ಧವಾದ ಸಾಮರ್ಥ್ಯ ಮಾತ್ರ ಇದ್ದಷ್ಟೇ ಇರುತ್ತದೆ. ಹಳೆಯ ೩೪೬ ಘನ ಸೆಂಟಿಮೀಟರ್ ಬುಲೆಟ್ಟಿನಲ್ಲಿ ಅದು ನಿಮಿಷಕ್ಕೆ ೫೬೨೫ ಸುತ್ತುಗಳಲ್ಲಿ ೧೮ ಅಶ್ವಸಾಮರ್ಥ್ಯ. ಗೇರುಗಳು ಎಷ್ಟೇ ಇರಲಿ, ಖರ್ಚು ಮಾಡಲು ಇರುವ ಬಂಡವಾಳ ಇಷ್ಟೇ.

ಈ ವಾಹನ ಇಂಗ್ಲೆಂಡಿನ ರೆಡ್ಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ವಿನ್ಯಾಸ. ೧೯೫೫ರಲ್ಲಿ ಮದರಾಸಿನಲ್ಲಿ ಇದರ ಉದ್ಯಮ ಪ್ರಾರಂಭವಾಯಿತು. ಇದರ ಗೇರ್ ಪೆಟ್ಟಿಗೆ ಎಂಜಿನಿನ ಹೊಟ್ಟೆಯೊಳಗಿಲ್ಲ. ಬೇರೆಯೇ ಆದ ಪೆಟ್ಟಿಗೆಯಾಗಿ ಎಂಜಿನಿನ ಹಿಂದೆ ಬೋಲ್ಟುಗಳಿಂದ ಬಿಗಿಯಲ್ಪಟ್ಟಿದೆ. ಆದುದರಿಂದಲೇ ಎಂಜಿನನ್ನು ಸೀಳದೆ ಇಡೀ ಪೆಟ್ಟಿಗೆಯನ್ನು ಬದಲಿಸುವುದು ಸಾಧ್ಯ. ಐದು ಗೇರಿನ ಪೆಟ್ಟಿಗೆ ಇದೇ ವಾಹನಕ್ಕೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಬಂದಿತು.

ಈಗ ಎರಡರ ಅನುಪಾತಗಳನ್ನು ನೋಡೋಣ. ಲೆಕ್ಕದ ಸೌಕರ್ಯಕ್ಕಾಗಿ ಸಂಖ್ಯೆಗಳನ್ನು ಸ್ಥೂಲವಾಗಿ ಇಟ್ಟುಕೊಂಡಿದ್ದೇನೆ. ಹಳೆಯದರಲ್ಲಿ ೨.೮, ೧.೮, ೧.೩೫, ೧, ಹೊಸದರಲ್ಲಿ ೩, ೨, ೧.೫, ೧.೨, ೧. ಕೊನೆಯ ಸಂಖ್ಯೆ ಎರಡರಲ್ಲಿಯೂ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು. ಇದು ಆಕಸ್ಮಿಕವಲ್ಲ. ಈ ಬಗೆಯ ಪೆಟ್ಟಿಗೆಗಳಲ್ಲಿ ಕೊನೆಯ ಗೇರಿಗೆ ಬಂದಾಗ, ಒಳಕ್ಕೆ ಬರುವ ದಂಡವೂ ಹೊರಕ್ಕೆ ಹೋಗುವ ಗಾಲಿಯೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಒಟ್ಟಾಗಿ ತಿರುಗುತ್ತವೆ. ಬಲವು ಪಕ್ಕದ ಉಪದಂಡದ ಮೂಲಕ ಸುತ್ತಿ ಬರುವುದೇ ಇಲ್ಲ. ಆದಕಾರಣ ಹಳೆಯ ನಾಲ್ಕನೆಯ ಗೇರೂ ಹೊಸ ಐದನೆಯ ಗೇರೂ ಒಂದೇ. ಇನ್ನು ಗಾಳಿಯ ಪ್ರತಿರೋಧವನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ: ವೇಗ ನೂರಕ್ಕೆ ೧೦ರಷ್ಟು ಹೆಚ್ಚಬೇಕಾದರೆ ಸಾಮರ್ಥ್ಯ ನೂರಕ್ಕೆ ೩೩ರಷ್ಟು ಹೆಚ್ಚಬೇಕು. ಅದನ್ನು ಯಾವ ಪೆಟ್ಟಿಗೆಯೂ ಕೊಡಲಾರದು.

ಹಾಗಾದರೆ ಬದಲಾದುದೇನು? ಮೆಟ್ಟಿಲುಗಳ ನಡುವಿನ ಅಂತರ. ಎಂಜಿನ್ ೪೫೦೦ ಸುತ್ತುಗಳಲ್ಲಿರುವಾಗ ಹಳೆಯ ಪೆಟ್ಟಿಗೆಯಲ್ಲಿ ಮೂರರಿಂದ ನಾಲ್ಕಕ್ಕೆ ಏರಿಸಿದರೆ ಅದು ಸುಮಾರು ೩೩೩೦ಕ್ಕೆ ಕುಸಿಯುತ್ತದೆ. ಹೊಸದರಲ್ಲಿ ನಾಲ್ಕರಿಂದ ಐದಕ್ಕೆ ಏರಿಸಿದರೆ ಇಳಿಯುವುದು ೩೭೫೦ಕ್ಕೆ. ಘಟ್ಟದ ಏರಿನಲ್ಲಿ ಇಬ್ಬರನ್ನು ಹೊತ್ತು ಹೋಗುವಾಗ ಹಳೆಯ ಬುಲೆಟ್ ಮೂರನೆಯ ಗೇರಿನಲ್ಲಿ ಗೋಳಾಡುತ್ತದೆ, ನಾಲ್ಕನೆಯದರಲ್ಲಿ ಏದುಸಿರು ಬಿಡುತ್ತದೆ. ಆ ಎರಡರ ನಡುವಿನ ಮೆಟ್ಟಿಲೇ ೧.೨.

ನಿಜವಾದ ಲಾಭ ಇನ್ನೊಂದು ಹೆಜ್ಜೆ ಮುಂದಿದೆ. ಇದನ್ನು ಬಹುಮಂದಿ ಗಮನಿಸುವುದಿಲ್ಲ. ಸರಪಳಿಯನ್ನು ಎಳೆಯುವ ಮುಂದಿನ ಸ್ಪ್ರಾಕೆಟ್ಟಿಗೆ, ಉದಾಹರಣೆಗೆ, ೧೬ರ ಬದಲು ೧೭ ಹಲ್ಲುಗಳಿರುವುದನ್ನು ಹಾಕೋಣ. ಆಗ ಹೊಸ ಪೆಟ್ಟಿಗೆಯ ಎಲ್ಲ ಅನುಪಾತಗಳನ್ನೂ ೧೬/೧೭ರಿಂದ ಗುಣಿಸಬೇಕು. ಮೊದಲನೆಯದು ೩ರಿಂದ ೨.೮೨ ಆಗುತ್ತದೆ. ಅಂದರೆ ಹಳೆಯ ಮೊದಲ ಗೇರಿನ ಎಳೆತವೇ ಮರಳಿ ದೊರೆಯಿತು! ಕೊನೆಯದು ೦.೯೪ಕ್ಕೆ ಇಳಿದುದರಿಂದ, ಹೆದ್ದಾರಿಯಲ್ಲಿ ಮೊದಲು ೩೪೦೦ ಸುತ್ತು ತಿರುಗುತ್ತಿದ್ದ ಎಂಜಿನ್ ಅದೇ ವೇಗಕ್ಕೆ ೩೨೦೦ ಸುತ್ತು ತಿರುಗಿದರೆ ಸಾಕು. ಇದೇ ಸ್ಪ್ರಾಕೆಟ್ಟನ್ನು ಹಳೆಯ ಪೆಟ್ಟಿಗೆಗೆ ಹಾಕಿದ್ದರೆ ಮೊದಲ ಗೇರು ೨.೬೪ ಆಗಿ, ಏರಿನಲ್ಲಿ ಹೊರಡುವಾಗ ಕ್ಲಚ್ಚನ್ನು ಸುಡಬೇಕಾಗುತ್ತಿತ್ತು.

ಎಂಜಿನಿನ ಕವಚದೊಳಗೇ ಗೇರುಗಳಿರುವ ವಾಹನಗಳಲ್ಲಿ ಈ ಕೆಲಸ ಇಷ್ಟು ಸುಲಭವಲ್ಲ. ಅಷ್ಟೇ ಅಗಲದ ಜಾಗದಲ್ಲಿ ಮತ್ತೊಂದು ಜೋಡಿ ಗಾಲಿ ಹಿಡಿಯಬೇಕಾದರೆ ಪ್ರತಿಯೊಂದು ಗಾಲಿಯೂ ತೆಳುವಾಗಬೇಕು. ಹಲ್ಲಿನ ಅಗಲ ಕಡಮೆಯಾದಷ್ಟೂ ಅದರ ಮೇಲಿನ ಒತ್ತಡ ಹೆಚ್ಚುತ್ತದೆ. ಒಂದೇ ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಗುದ್ದಿ ತಳ್ಳುವುದರಿಂದ ಆ ಹಲ್ಲುಗಳ ಪಾಡು ಮತ್ತಷ್ಟು ಕಷ್ಟ.

ಬುಲೆಟ್ಟಿನಲ್ಲಿ ಅಪಾಯವಿರುವುದು ಲೋಹದಲ್ಲಲ್ಲ, ಸವಾರನ ಕಾಲಿನಲ್ಲಿ. ಹಳೆಯ ಪೆಟ್ಟಿಗೆಯ ಗೇರಿನ ಸನ್ನೆ ಬಲಗಾಲಿಗೆ, ಹಿಂಗಾಲಿಯ ಬ್ರೇಕು ಎಡಗಾಲಿಗೆ. ಎಡಗಾಲಿನಿಂದ ನಡೆಸುವ ಹೊಸ ಪೆಟ್ಟಿಗೆಯಲ್ಲಿ ಇವು ಅದಲುಬದಲಾಗುತ್ತವೆ. ದಿಕ್ಕೂ ತಿರುಗುಮುರುಗು: ಮೊದಲು ಒಂದನೆಯ ಗೇರಿಗೆ ಮೇಲೆತ್ತಿ ಉಳಿದವಕ್ಕೆ ಕೆಳಗೊತ್ತಬೇಕಾಗಿತ್ತು; ಈಗ ಒಂದಕ್ಕೆ ಒತ್ತಿ, ಉಳಿದವಕ್ಕೆ ಎತ್ತಬೇಕು. ಮೂರನೆಯ ಗೇರಿನಲ್ಲಿ ೪೫೦೦ ಸುತ್ತುಗಳಲ್ಲಿ ಹೋಗುತ್ತಿರುವವನು ನಾಲ್ಕಕ್ಕೆ ಏರಿಸಬೇಕೆಂದು ಹಳೆಯ ಅಭ್ಯಾಸದಿಂದ ಕೆಳಗೊತ್ತಿದನೆನ್ನಿ. ಎಂಜಿನ್ ೩೬೦೦ಕ್ಕೆ ಇಳಿಯುವ ಬದಲು, ಎರಡನೆಯ ಗೇರಿಗೆ ಸಿಕ್ಕಿ, ೬೦೦೦ಕ್ಕೆ ಎಳೆಯಲ್ಪಡುತ್ತದೆ. ತಿರುಗುವ ಚಕ್ರದ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಭಾರವಾದ ಫ್ಲೈವೀಲಿಗೆ ಮೊದಲಿಗಿಂತ ಸುಮಾರು ೧.೮ರಷ್ಟು ಚಲನಶಕ್ತಿ ಕ್ಷಣಾರ್ಧದಲ್ಲಿ ಬೇಕಾಗುತ್ತದೆ. ಅದು ಬರುವುದು ವಾಹನದ ಓಟದಿಂದ, ಹಿಂಗಾಲಿಯ ಟೈರು ರಸ್ತೆಯನ್ನು ಹಿಡಿದಿರುವ ಘರ್ಷಣೆಯ ಮೂಲಕ. ರಸ್ತೆ ಒದ್ದೆಯಾಗಿದ್ದರೆ ಟೈರು ಜಾರಿಯೇ ಜಾರುತ್ತದೆ. ಎದುರಿಗೆ ದನ ಅಡ್ಡಬಂದಾಗ ಬ್ರೇಕೆಂದು ಎಡಗಾಲನ್ನು ಒತ್ತಿದರೂ ಸಿಗುವುದು ಈ ಸನ್ನೆಯೇ. ಪೆಟ್ಟಿಗೆ ಬದಲಿಸಿದ ಮೇಲೆ ವಾಹನಗಳಿಲ್ಲದ ಬಯಲಿನಲ್ಲಿ, ಕಾಲು ಯೋಚಿಸದೆಯೇ ಸರಿಯಾದ ಕಡೆಗೆ ಹೋಗುವವರೆಗೆ, ಏರಿಸುವುದನ್ನೂ ಇಳಿಸುವುದನ್ನೂ ನಿಲ್ಲಿಸುವುದನ್ನೂ ಅಭ್ಯಾಸ ಮಾಡತಕ್ಕದ್ದು.