ಬಯಲಿಗೆ ಬಂದ ಮನುಷ್ಯ

ಕಥಾಪಾತ್ರವೊಂದು ಬದಲಾಯಿತೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಬದಲಾಗುವುದು ಬೇರೆ, ಪಕ್ವವಾಗುವುದು ಬೇರೆ. ಈ ಭೇದವನ್ನು ತಿಳಿಯಲು ಐಸಾಕ್ ಅಸಿಮೋವ್ ಅವರ ಯಂತ್ರಮಾನವ ಕಾದಂಬರಿಮಾಲೆಯ ಪತ್ತೇದಾರ ಎಲೈಜಾ ಬೇಲಿಯ ಪಾತ್ರವನ್ನು ಪರಿಶೀಲಿಸೋಣ.

ಜೀವರಸಾಯನಶಾಸ್ತ್ರಜ್ಞರಾಗಿದ್ದ ಅಸಿಮೋವರ ‘ದಿ ಕೇವ್ಸ್ ಆಫ್ ಸ್ಟೀಲ್’ ಕಾದಂಬರಿಯು 1954ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಿತು. ಅದರಲ್ಲಿ ಬರುವ ದೂರದ ಭವಿಷ್ಯದ ನ್ಯೂಯಾರ್ಕ್, ಆಕಾಶವೇ ಕಾಣದಂತೆ ಮುಚ್ಚಿದ ಮಹಾನಗರ. ಅಲ್ಲಿ ಬೆಳೆದ ಬೇಲಿಗೆ ಬಯಲೆಂದರೆ ಭಯ, ಯಂತ್ರಮಾನವನೆಂದರೆ ತಿರಸ್ಕಾರ. ಕೊಲೆಯೊಂದರ ತನಿಖೆಯಲ್ಲಿ ಮನುಷ್ಯರೂಪದ ಯಂತ್ರಮಾನವ ಡ್ಯಾನೀಲನೇ ಅವನ ಜೊತೆಗಾರನಾಗುತ್ತಾನೆ. ಬೇಲಿ ಎರಡು ಬಾರಿ ಅವನ ಮೇಲೆ ಆರೋಪ ಹೊರಿಸಿ, ಎರಡು ಬಾರಿಯೂ ಸೋಲುತ್ತಾನೆ. ಪ್ರಮಾಣಕ್ಕೆ ತಲೆಬಾಗಿ ತನ್ನ ಊಹೆಯನ್ನು ಕೈಬಿಡಲು ಕಲಿತದ್ದೇ ಅವನ ಮೊದಲ ಮೆಟ್ಟಿಲು.

1957ರ ‘ದಿ ನೇಕೆಡ್ ಸನ್’ ಕಾದಂಬರಿಯಲ್ಲಿ ಅವನನ್ನು ಸೊಲೇರಿಯಾ ಗ್ರಹಕ್ಕೆ ಕಳುಹಿಸಲಾಗುತ್ತದೆ. ಅಲ್ಲಿರುವ ಮನುಷ್ಯರು ಕೇವಲ 20,000. ಒಬ್ಬೊಬ್ಬರಿಗೆ 10,000 ಯಂತ್ರಮಾನವರು. ಒಬ್ಬರನ್ನೊಬ್ಬರು ಪ್ರತ್ಯಕ್ಷವಾಗಿ ಕಾಣಲೂ ಅವರು ಹೇಸುತ್ತಾರೆ. ಅವರಿಗೆ ಮನುಷ್ಯಸಾಮೀಪ್ಯದ ಭಯ, ಬೇಲಿಗೆ ಬಯಲಿನ ಭಯ. ಅವರ ದೌರ್ಬಲ್ಯವನ್ನು ನೋಡುತ್ತ ಅವನು ತನ್ನದನ್ನೂ ಗುರುತಿಸುತ್ತಾನೆ. ಬೇಕೆಂದೇ ಬಯಲಿಗೆ ಹೋಗುತ್ತಾನೆ, ಎಚ್ಚರತಪ್ಪಿ ಬೀಳುತ್ತಾನೆ. ಊರಿಗೆ ಮರಳಿದಾಗ ಹಳೆಯ ನಗರವೇ ಅವನಿಗೆ ಪರಕೀಯವಾಗಿ ತೋರುತ್ತದೆ.

ಮೂರನೆಯ ಕಾದಂಬರಿ ‘ದಿ ರೋಬಾಟ್ಸ್ ಆಫ್ ಡಾನ್’ ಬಂದದ್ದು 26 ವರ್ಷಗಳ ಅನಂತರ, 1983ರಲ್ಲಿ. ಕಥೆಯೊಳಗೆ ಮಾತ್ರ ಕೆಲವೇ ವರ್ಷಗಳು ಕಳೆದಿವೆ. ಬೇಲಿ ಈಗ ತನ್ನ ಮಗನನ್ನೂ ಇತರರನ್ನೂ ಕೂಡಿಕೊಂಡು ನಗರದ ಹೊರಗೆ ಬಯಲಿನ ಅಭ್ಯಾಸ ನಡೆಸುತ್ತಿದ್ದಾನೆ. ಇದು ಬರಿಯ ಕಲ್ಪನೆಯಲ್ಲ. ಭಯಕ್ಕೆ ಕಾರಣವಾದುದನ್ನು ಸ್ವಲ್ಪಸ್ವಲ್ಪವಾಗಿ, ಮತ್ತೆ ಮತ್ತೆ ಎದುರಿಸುವುದು ಮನೋವೈದ್ಯರು ಇಂತಹ ಭೀತಿಗೆ ಬಳಸುವ ಚಿಕಿತ್ಸಾಕ್ರಮಗಳಲ್ಲಿ ಒಂದು.

ಇಷ್ಟಾದರೂ ಅರೋರಾ ಗ್ರಹದಲ್ಲಿ ಗುಡುಗುಮಳೆಗೆ ಸಿಕ್ಕಿ ಬೇಲಿ ಮತ್ತೆ ಕುಸಿದುಬೀಳುತ್ತಾನೆ. ಲೇಖಕರು ಅವನ ಭಯವನ್ನು ಮಂತ್ರ ಹಾಕಿದಂತೆ ಮಾಯಮಾಡಲಿಲ್ಲ. ಮೊದಲು ಭಯವು ಅವನ ದಾರಿಯನ್ನು ನಿರ್ಧರಿಸುತ್ತಿತ್ತು. ಈಗ ಭಯವಿದ್ದೂ ಅವನು ಹೊರಡುತ್ತಾನೆ. ಪಕ್ವತೆಯೆಂದು ನಾವು ಕರೆಯುವುದು ಇದನ್ನೇ.

ಒಂದೇ ಪ್ರಯೋಗವನ್ನು ಹಲವು ಸಲ ಮಾಡಿದಾಗ ಫಲಿತಾಂಶದಲ್ಲಿ ನಂಬಿಕೆ ಹುಟ್ಟುವಂತೆ, ಒಂದೇ ಪರೀಕ್ಷೆಯು ಪುಸ್ತಕದಿಂದ ಪುಸ್ತಕಕ್ಕೆ ಮರಳಿ ಬಂದಾಗ ಪಾತ್ರದ ಬೆಳವಣಿಗೆಯನ್ನು ಅಳೆಯಬಹುದು. ಕಾದಂಬರಿಮಾಲೆಯನ್ನು ಓದುವಾಗ ನಾಯಕನು ಎಷ್ಟು ಗೆದ್ದನೆಂದು ಎಣಿಸುವುದಕ್ಕಿಂತ, ಅದೇ ಭಯದ ಮುಂದೆ ಈ ಸಲ ಹೇಗೆ ನಿಂತನೆಂದು ಕೇಳಿಕೊಳ್ಳುವುದು ಮೇಲು.