ತಿಳಿನೀರಿನಲ್ಲಿ ಪಾಷಾಣ

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ರಸಾಯನಶಾಸ್ತ್ರದ ವಿಷಯಕ್ಕೆ ಕೈಹಾಕಿದುದೇಕೆಂದು ಮಿತ್ರರು ಕೇಳಬಹುದು. ಬಾವಿಯ ನೀರಿಗೆ ಆರ್ಸೆನಿಕ್ ಎಂಬ ಪಾಷಾಣ ಸೇರುವುದು ರಸಾಯನಶಾಸ್ತ್ರದ ಮಾತಾದರೂ, ಅದನ್ನು ಕುಡಿದವರ ಪಾಡು ಸಮಾಜಶಾಸ್ತ್ರಕ್ಕೂ ಅರ್ಥಶಾಸ್ತ್ರಕ್ಕೂ ಸೇರಿದ್ದು.

ಬಾಂಗ್ಲಾದೇಶದ ಹಳ್ಳಿಗರು ಹಿಂದೆ ಕೆರೆಕುಂಟೆಗಳ ನೀರನ್ನೇ ಹೆಚ್ಚಾಗಿ ಕುಡಿಯುತ್ತಿದ್ದರು. ವಾಂತಿಭೇದಿ ಹಬ್ಬಿ ಮಕ್ಕಳು ಸಾಯುತ್ತಿದ್ದರು. ಇದನ್ನು ತಪ್ಪಿಸಲೆಂದು 1970ರ ದಶಕದಲ್ಲಿ ಯುನಿಸೆಫ್ ಮೊದಲಾದ ಸಂಸ್ಥೆಗಳ ನೆರವಿನಿಂದ ಅಲ್ಲಿ ಕೊಳವೆಬಾವಿಗಳನ್ನು ತೋಡಿಸಲಾಯಿತು. ನೀರು ತಿಳಿಯಾಗಿತ್ತು. ಆದರೆ ಅಂದಿನ ವಾಡಿಕೆಯ ಪರೀಕ್ಷೆಗಳಲ್ಲಿ ಆರ್ಸೆನಿಕ್ಕಿನ ಪರೀಕ್ಷೆ ಸೇರಿರಲಿಲ್ಲ.

ಈ ವಿಷವನ್ನು ಯಾರೂ ಬೆರೆಸಿದುದಲ್ಲ. ಹಿಮಾಲಯದಿಂದ ನದಿಗಳು ತಂದ ಮೆಕ್ಕಲುಮಣ್ಣಿನಲ್ಲಿ, ಕಬ್ಬಿಣದ ತುಕ್ಕಿನಂಥ ಕಣಗಳಿಗೆ ಅಂಟಿಕೊಂಡು ಅದು ಬಂದಿದೆ. ಗಾಳಿಯಾಡದ ನೆಲದಾಳದಲ್ಲಿ ಸೂಕ್ಷ್ಮಜೀವಿಗಳು ಆ ಕಣಗಳನ್ನು ಕರಗಿಸಿದಾಗ ಆರ್ಸೆನಿಕ್ ನೀರಿಗಿಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ವರ್ಷಗಟ್ಟಲೆ ಈ ನೀರು ಕುಡಿದವರ ಎದೆ ಬೆನ್ನುಗಳ ಮೇಲೆ ಮಚ್ಚೆಗಳೇಳುತ್ತವೆ. ಅಂಗೈ ಅಂಗಾಲುಗಳು ಗಡುಸಾಗಿ ಗಂಟುಕಟ್ಟುತ್ತವೆ. ಮುಂದೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ತಲೆದೋರಬಹುದು. ಪಶ್ಚಿಮ ಬಂಗಾಳದಲ್ಲಿ ಇಂಥ ರೋಗಿಗಳನ್ನು 1983ರಲ್ಲಿ ಕಲ್ಕತ್ತೆಯ ಚರ್ಮವೈದ್ಯರಾದ ಡಾ. ಕೆ. ಸಿ. ಸಾಹಾ ಅವರು ಗುರುತಿಸಿದರು. ಬಾಂಗ್ಲಾದೇಶದ ಬಾವಿಗಳಲ್ಲಿ ಇದು ಪತ್ತೆಯಾದುದು 1993ರಲ್ಲಿ. ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಎಂದರೆ ಒಂದು ಮಿಲಿಗ್ರಾಮಿನ ನೂರರಲ್ಲೊಂದು ಪಾಲು.

ದೇಹದ ನೋವಿಗಿಂತ ಜನರ ನೋಟ ಕೆಲವೊಮ್ಮೆ ಹೆಚ್ಚು ಕ್ರೂರ. ಇದು ಅಂಟುರೋಗವಲ್ಲ. ಆದರೂ ಮಚ್ಚೆಗಳನ್ನು ಕುಷ್ಠವೆಂದು ತಿಳಿದು ನೆರೆಯವರು ದೂರವಿಟ್ಟರು. ಹೆಣ್ಣುಮಕ್ಕಳ ಮದುವೆಗಳು ನಿಂತವು. ಹೊಟ್ಟೆತುಂಬ ಪುಷ್ಟಿಯಾದ ಆಹಾರವಿಲ್ಲದ ಬಡವರಲ್ಲಿಯೇ ರೋಗ ಬೇಗ ಬಲಿಯುತ್ತದೆ. ವಿಷವಿರುವ ಬಾವಿಗೆ ಕೆಂಪು ಬಣ್ಣ, ಇಲ್ಲದುದಕ್ಕೆ ಹಸುರು ಬಣ್ಣ ಬಳಿಯುವ ಏರ್ಪಾಡಾಯಿತು. ಆದರೆ ಹಸುರು ಬಾವಿ ಪರರ ಅಂಗಳದಲ್ಲಿದ್ದರೆ ಬಡವಳು ಕೊಡ ಹಿಡಿದು ಹೋಗುವುದೆಲ್ಲಿಗೆ? ಆಳದ ಬಾವಿ, ಮಳೆನೀರಿನ ಸಂಗ್ರಹ, ಶೋಧಿಸಿದ ನದೀಜಲ ಇವುಗಳಿಂದ ಪರಿಹಾರವುಂಟು; ಅವು ಎಲ್ಲರಿಗೂ ಎಟುಕುವಂತಿರಬೇಕು.

ಈ ಪಾಠ ನಮಗೂ ದೂರದ್ದಲ್ಲ. ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಅದಿರಿನ ಸೀಮೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲಿಯೂ ಆರ್ಸೆನಿಕ್ ಕಂಡುಬಂದಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ಹಿರಿಯರು ನೀರನ್ನು ಅಳೆದದ್ದು ಕಣ್ಣಿನಿಂದ, ನಾಲಗೆಯಿಂದ. ಆ ಎರಡು ಸಾಕ್ಷಿಗಳೂ ಸಾಲವೆಂಬುದನ್ನು ಊರಿಗೆ ತಿಳಿಸಿ, ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸುವಂತೆ ಪಂಚಾಯಿತಿಯನ್ನು ಕೇಳುವುದು ಓದಿದ ನಮ್ಮ ಕರ್ತವ್ಯವೆಂದು ನಾನು ಭಾವಿಸುತ್ತೇನೆ.