ಅಂಟುವಾಳದ ನೊರೆಯೂ ಎಲೆಯ ಮೇಲಣ ಔಷಧವೂ

ಕೋಸಿನ ಎಲೆಗೆ ಸಿಂಪಡಿಸಿದ ಔಷಧವು ಮುತ್ತುಗಳಂತೆ ಉರುಳಿ ನೆಲದ ಪಾಲಾಗುವುದನ್ನು ರೈತಬಾಂಧವರು ನೋಡಿಯೇ ಇರುವರು. ಎಲೆಯ ಮೇಣವೂ ನೀರಿನ ಮೇಲ್ಮೈಯ ಬಿಗಿತವೂ ಇದಕ್ಕೆ ಕಾರಣ. ಈ ಬಿಗಿತವನ್ನು ಸಡಿಲಿಸತಕ್ಕ ಸಪೋನಿನ್ ಎಂಬ ವಸ್ತು ಅಂಟುವಾಳದ ಸಿಪ್ಪೆಯಲ್ಲಿದೆ. ಅದರ ಕಣದ ಒಂದು ಭಾಗ ಸಕ್ಕರೆಯ ಜಾತಿಯದು, ನೀರನ್ನು ಬಯಸುವುದು. ಇನ್ನೊಂದು ಭಾಗ ಎಣ್ಣೆ ಮೇಣಗಳನ್ನು ಬಯಸುವುದು. ಆದುದರಿಂದ ಕಣಗಳು ಮೇಲ್ಮೈಯಲ್ಲಿ ಸಾಲುಗಟ್ಟಿ ಹನಿಯನ್ನು ಹರಡಿಸುವುವು. ಗ್ಲೂಕೋಸಿಗೆ ತೆಂಗಿನೆಣ್ಣೆಯ ಅಂಶವನ್ನು ಬೆಸೆದು ಕಾರ್ಖಾನೆಗಳಲ್ಲಿ ಮಾಡುವ ಆಲ್ಕೈಲ್ ಗ್ಲೂಕೋಸೈಡುಗಳೂ ಇದೇ ಬಗೆಯವು. ಸಾಬೂನಾದರೋ ಗಡಸು ನೀರಿನ ಸುಣ್ಣದೊಡನೆ ಕೂಡಿ ಒಡೆದು ಗಸಿಯಾಗುವುದು. ಇವುಗಳಿಗೆ ಆ ಬಾಧೆ ಅಷ್ಟಾಗಿಲ್ಲ.

ಹೆಚ್ಚು ಹಾಕಿದಷ್ಟೂ ಗುಣ ಹೆಚ್ಚೆಂಬುದು ಮಾತ್ರ ತಪ್ಪು. ಮೇಲ್ಮೈ ತುಂಬಿದ ತರುವಾಯ ಕಣಗಳು ನೀರಿನೊಳಗೇ ಗುಂಪುಗೂಡುವುವು. ಇವೇ ಮೈಸೆಲ್‌ಗಳು. ಅಲ್ಲಿಂದ ಮುಂದೆ ಬಿಗಿತವು ಇಳಿಯದು. ನೊರೆ ಪಂಪನ್ನು ಕಾಡುವುದು, ಔಷಧವು ಎಲೆಯಿಂದ ಸೋರಿಹೋಗುವುದು.

ಸಿಪ್ಪೆಯನ್ನು ನೆನೆಸಿ, ಹಿಸುಕಿ, ಸೋಸಿದ ರಸವನ್ನು ಅಳೆದ ನೀರಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ, ಎಲೆಯ ಮೇಲೆ ಹನಿಯಿಟ್ಟು ನೋಡತಕ್ಕದ್ದು. ಹನಿ ಹರಡಿದೊಡನೆ ನಿಲ್ಲಿಸಿ ಆ ಪ್ರಮಾಣವನ್ನು ಬರೆದಿಡಬೇಕು. ಔಷಧವನ್ನು ಬೆರೆಸುವುದು ಆಮೇಲಿನ ಕೆಲಸ. ಉಳಿದ ರಸವನ್ನು ಕೆರೆಗೆ ಚೆಲ್ಲಲೇ ಕೂಡದು. ಸಪೋನಿನ್ ಮೀನಿನ ಕಿವಿರುಗಳನ್ನು ಕೆಡಿಸಿ ಕೊಲ್ಲುವುದು.